ಕಕ್ಕಸಿನ ಕರಾರು

“ಏ ಖಾದಿಮರ ಹುಡುಗಿ, ಎದ್ದೇಳೇ. ಪರೀಕ್ಷೆ ಬರ್ದು ಮಂತ್ರಿ ಆಗ್ತೀಯೇನು? ಕಕ್ಕಸು ತುಂಬಿ ನಾರ್ತಾ ಇದೆ, ಮೊದ್ಲು ಅದನ್ನ ತೊಳಿ.”

ಮುಖ್ಯೋಪಾಧ್ಯಾಯ ಷಾಯಿಫ್ ತರಗತಿಯ ಬಾಗಿಲಲ್ಲಿ ನಿಂತು ಕೂಗಿದ. ಶಾಲೆಯಂಗಳ ಗುಡಿಸುತ್ತಿದ್ದ ತಕಿಯ್ಯಾಳ ಕೈ ನಿಂತಿತು. ಅವನು ಕರೆದದ್ದು ಅವಳ ಮಗಳು ಗುಸೂನಳನ್ನು.

ಕರಾರು ಮಾಡಿಕೊಂಡವಳು ತಕಿಯ್ಯಾಳೇ. ಯೆಮನ್ನಿನ ತೈಜ್ ಪಟ್ಟಣದ ಬೀದಿ ಗುಡಿಸುವ, ಕೀಳು ಕುಲವೆಂದು ಎಲ್ಲರೂ ದೂರವಿಟ್ಟ ಖಾದಿಮರಿಗೆ ಗುರುತಿನ ಚೀಟಿ ಇಲ್ಲ. ತಂದೆಗೆ ಚೀಟಿ ಇಲ್ಲದಿದ್ದರೆ ಮಗುವಿಗೆ ಜನನಪತ್ರವಿಲ್ಲ, ಪತ್ರವಿಲ್ಲದ ಮಗುವಿಗೆ ಶಾಲೆಯಿಲ್ಲ. “ಪತ್ರ ಇಲ್ದಿದ್ರೂ ಹುಡುಗಿ ಹಿಂದಿನ ಸಾಲಲ್ಲಿ ಕೂತ್ಕೊಳ್ಳಲಿ. ಅಂಗಳ ನಿಂದು, ಕಕ್ಕಸು ಅವಳದು. ತಪ್ಪಿದ್ರೆ ಶಾಲೆ ಬಿಡ್ಬೇಕು,” ಎಂದಿದ್ದ ಷಾಯಿಫ್. ತಕಿಯ್ಯಾ ಅವನ ಕೈಗೆ ಮುತ್ತಿಟ್ಟು ಒಪ್ಪಿದ್ದಳು. ಪೊರಕೆ ಹಿಡಿದು ಕೆಮ್ಮಿ ಕೆಮ್ಮಿ ಸತ್ತ ತಾಯಿ ಅವಳಿಗೆ ನೆನಪಿದ್ದಳು. ಆ ಕೆಮ್ಮು ಈಗ ತನ್ನೆದೆಯಲ್ಲೂ ಕೂತಿತ್ತು. ಮಗಳಿಗಾದರೂ ಅದು ತಗಲದಿರಲಿ ಅಂತಲೇ ಒಪ್ಪಿದ್ದು.

“ಅವ್ವಾ, ಯಾರೂ ನನ್ ಪಕ್ಕ ಕೂರಲ್ಲ, ವಾಸ್ನೆ ಅಂತಾರೆ. ನಾ ಹೋಗಲ್ಲ,” ಎಂದು ಗುಸೂನ್ ಒಮ್ಮೆ ಹಟ ಹಿಡಿದಾಗ ತಕಿಯ್ಯಾ ಕೆನ್ನೆಗೆ ಬಾರಿಸಿದ್ದಳು.

“ಮೂಗು ಮುಚ್ಕೊಂಡು ತೊಳಿ, ನಾಕಕ್ಷರ ಕಲಿ, ಮುಂಡೇದೆ.”

ಅಂದು ರೊಟ್ಟಿ ಮುರಿಯುವಾಗ ಮಗಳ ಬೆರಳು ಕಣ್ಣಿಗೆ ಬಿದ್ದವು. ಕಕ್ಕಸು ತೊಳೆಯುವ ಆಸಿಡ್ಡಿಗೆ ಸುಲಿದು ಕೆಂಪಗಾಗಿದ್ದವು. ಹೊಡೆದ ಕೈಯಿಂದ ತುತ್ತು ಬಾಯಿಗೆ ಹೋಗಿರಲಿಲ್ಲ. ಆದರೂ ಮರುದಿನ ಅವಳೇ ಮಗಳನ್ನು ಎಬ್ಬಿಸಿ ಕಳಿಸಿದ್ದಳು.

ಈಗ ಪೊರಕೆ ಹಿಡಿದೇ ಬಾಗಿಲಿಗೆ ಬಂದಳು.

“ಉಸ್ತಾದ್, ಮಗು ಬರೀತಾ ಐತೆ. ನಾ ತೊಳೀತೀನಿ.”

“ನೀನು ಅಂಗಳ ನೋಡ್ಕೊ. ಅವಳು ಹುಟ್ಟಿದ್ದೇ ಅದಕ್ಕೆ, ಅಭ್ಯಾಸ ಆಗ್ಲಿ.”

ಮಕ್ಕಳು ಕಿಸಕ್ಕನೆ ನಕ್ಕರು. ಪರೀಕ್ಷೆಗೆ ಕಾವಲಿದ್ದ ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು.

“ನಿನ್ ಹೇಲೂ ಅದ್ರಲ್ಲೇ ಐತಲ್ಲ, ಉಸ್ತಾದ್,” ತಕಿಯ್ಯಾ ದನಿ ಏರಿಸಲಿಲ್ಲ. “ನೀನೇ ಹೋಗಿ ತೊಳ್ಕೊ.”

ಪೊರಕೆಯನ್ನು ಅವನ ಬೂಟಿನ ಮೇಲೆ ಎಸೆದಳು.

ಗುಸೂನ್ ಪೆನ್ಸಿಲ್ ಕೆಳಗಿಟ್ಟು ಎದ್ದು ಬಂದಳು. ತಾಯಿಯ ಮುಖ ನೋಡಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಬಗ್ಗಿ ಪೊರಕೆಗೆ ಕೈ ಹಾಕಿದಳು.

ತಕಿಯ್ಯಾ ಅದರ ಮೇಲೆ ಕಾಲಿಟ್ಟಳು. “ಬಿಡು ಮಗಾ. ಹೋಗಿ ಬರಿ.”

ಗುಸೂನ್ ಬಿಡಲಿಲ್ಲ. ತಲೆ ತಗ್ಗಿಸಿಕೊಂಡು, ಸುಲಿದ ಬೆರಳುಗಳಿಂದ, ತಾಯಿಯ ಕಾಲಡಿಯ ಪೊರಕೆಯನ್ನು ಎಳೆಯುತ್ತಲೇ ಇದ್ದಳು.