ಸೂಜಿ ಆದಮೇಲೆ ಅರ್ಧ ಗಂಟೆ

ಭವ್ಯಶ್ರೀ ಫ್ರಿಜ್ಜಿನ ಬಾಗಿಲು ತೆರೆದವಳು, ಅಜ್ಜಿಯ ಇನ್ಸುಲಿನ್ ಬಾಟಲಿ ತಾನು ನಿನ್ನೆ ಇಟ್ಟ ಜಾಗದಲ್ಲಿ ಇಲ್ಲದ್ದು ನೋಡಿ ಅಲ್ಲೇ ನಿಂತುಬಿಟ್ಟಳು. ಅತ್ತು ಅತ್ತು ಕುಸಿದಿದ್ದ ಹೆಂಗಸೊಬ್ಬಳ ಮುಖಕ್ಕೆ ಚಿಮುಕಿಸಲು ತಣ್ಣೀರು ಒಯ್ಯಲು ಬಂದಿದ್ದಳು ಅವಳು. ಬಾಟಲಿ ಮೊಸರಿನ ಪಾತ್ರೆಯ ಪಕ್ಕ ಅಡ್ಡ ಬಿದ್ದಿತ್ತು. ಬಳಸಿದ ಸೂಜಿ ಹಾಕುವ ಡಬ್ಬಿ ಎತ್ತಿ ನೋಡಿದಳು. ಎಲ್ಲಕ್ಕಿಂತ ಮೇಲಿದ್ದ ಸಿರಿಂಜಿನ ಒಳಗೆ ಇನ್ನೂ ಪಸೆಯಿತ್ತು. ನೀರನ್ನು ಮರೆತು ಹಜಾರಕ್ಕೆ ಓಡಿದಳು.

ಹಜಾರದ ನಡುವೆ ಗಾಜಿನ ಶವಪೆಟ್ಟಿಗೆಯಲ್ಲಿ ಅವಳ ತಾಯಿ ಮಾಲತಿ ಮಲಗಿದ್ದಳು. ಸೇಲಂನ ಖಾಸಗಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಡಯಟೀಷಿಯನ್ ಆಗಿದ್ದವಳು, ಅನ್ನನಾಳದ ಕ್ಯಾನ್ಸರ್ ಬಂದು ಹಿಂದಿನ ಸಂಜೆ ತೀರಿಕೊಂಡಿದ್ದಳು. ಪೆಟ್ಟಿಗೆಯ ತಲೆಯ ಕಡೆ, ಗಾಜಿಗೆ ಅಂಗೈ ಊರಿ ಕೂತಿದ್ದ ಮುದುಕಿ ಗುಂಡಮ್ಮ. ಮಾಲತಿಯನ್ನು ಹೆತ್ತವಳು.

"ಅಜ್ಜಿ, ಊಸಿ ಪೋಟ್ಟಿಯಾ?" ಗಾಬರಿಗೆ ಹುಡುಗಿಯ ಬಾಯಲ್ಲಿ ತಮಿಳೇ ಬಂತು. ಮತ್ತೆ ಕನ್ನಡಕ್ಕೆ ಹೊರಳಿದಳು. "ಸೂಜಿ ಆಕ್ಕಂಡ್ಯಾ?"

"ಆಕ್ಕಂಡೆ. ಎಂಟು ಗಂಟೇಗೆ. ಏನೇ ಆಗ್ಲಿ ಸೂಜಿ ತಪ್ಪುಸ್ಬ್ಯಾಡ ಅಂತ ನಿಮ್ಮಮ್ಮ ಏಳಿಲ್ವಾ?"

"ಏನಾನ ತಿಂದ್ಯಾ?"

"ಮಗ್ಳು ಇಂಗ್ ಮಲಗವ್ಳೆ, ನಾನು ತಿನ್ಲಾ?"

ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಕಾಲು. ಸೂಜಿ ಹಾಕಿಕೊಂಡರೆ ಅರ್ಧ ಗಂಟೆಯೊಳಗೆ ತಿನ್ನಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದು ಜೀವಕ್ಕೇ ಸಂಚಕಾರ. ಈ ಮಾತನ್ನು ಮಾಲತಿ ಎಷ್ಟು ಸಾವಿರ ಜನಕ್ಕೆ ಹೇಳಿದ್ದಳೋ! ಸ್ವಂತ ತಾಯಿ ಅದರಲ್ಲಿ ಅರ್ಧ ಪಾಲಿಸಿ ಕೂತಿದ್ದಳು. ಇನ್ನರ್ಧಕ್ಕೆ ಸಾವಿನ ಮನೆಯ ಕಟ್ಟು ಅಡ್ಡ ಬಂದಿತ್ತು. ಹೆಣ ಎತ್ತುವ ತನಕ ಒಲೆ ಹಚ್ಚುವಂತಿಲ್ಲ, ರಕ್ತಸಂಬಂಧದವರು ಬಾಯಿಗೆ ನೀರು ಹನಿಸುವಂತಿಲ್ಲ. ಹೆಣ ಎತ್ತಲು ಮಾಲತಿಯ ತಮ್ಮ ಗಿರಿ ಬರಬೇಕು. ಅವನ ಲಾರಿ ಇನ್ನೂ ಆಂಧ್ರ ದಾಟಿರಲಿಲ್ಲ. ಬಂದು ಸೇರುವಾಗ ಮಧ್ಯಾಹ್ನ ಎರಡು ಗಂಟೆಯೋ, ಮೂರೋ.

"ತಾತಾ, ಅಜ್ಜಿ ತಿನ್ಲೇಬೇಕು. ಇಲ್ದಿದ್ರೆ ಸುಗರ್ ಇಳ್ದೋಯ್ತದೆ," ಎಂದು ಭವ್ಯಶ್ರೀ ಬಾಗಿಲ ಬಳಿ ಕೂತಿದ್ದ ತಿಮ್ಮರಾಯಪ್ಪನಿಗೆ ಹೇಳಿದಳು. ಅವನು ಗುಂಡಮ್ಮನ ಅಣ್ಣ, ಪಾಲಕೋಡ್ ಕಡೆಯಿಂದ ಬಂದ ನೆಂಟರಿಗೆಲ್ಲ ಹಿರಿಯ.

"ಏನ್ ಮಾತು ಅಂತ ಆಡ್ತೀಯಮ್ಮಿ? ಎತ್ತ ತಾಯಿ ಒಂದೊತ್ತು ಉಪಾಸ ಇರ್ಲಾರ್ಳಾ? ನಾಕ್ ಜನ ಏನಂದಾರು?"

"ಜನ ಅಂದ್ಕಳ್ಳಿ. ಅಜ್ಜಿ ಸತ್ತೋಯ್ತಾಳೆ ತಾತಾ!"

"ಬಾಯಿ ಮುಚ್ಚು. ಸಾವಿನ್ ಮನ್ಯಾಗೆ ಅದೇನ್ ಮಾತು?"

ಇಷ್ಟು ಜಬರ್ದಸ್ತು ಮಾಡುವ ಈ ಮುದುಕನ ಎಡಗಾಲು ಸಕ್ಕರೆ ಕಾಯಿಲೆಗೆ ಬಲಿಯಾಗದೆ ಉಳಿದದ್ದು ಯಾರಿಂದ ಅಂತೀರಿ? ಮಾಲತಿಯಿಂದಲೇ. ಅವಳು ಬರೆದುಕೊಟ್ಟ ಊಟದ ಚೀಟಿ ಇವತ್ತಿಗೂ ಅವನ ಅಂಗಿಯ ಜೇಬಿನಲ್ಲಿತ್ತು. ಆದರೆ ಹತ್ತು ಜನ ಸೇರಿದ ಕಡೆ ಹಿರಿಯನಾಗಿ ಕೂತವನಿಗೆ ಜೇಬಿನ ಚೀಟಿ ಎಲ್ಲಿಂದ ನೆನಪಾಗಬೇಕು!

ಅತ್ತ ಹೆಂಗಸರ ಗುಂಪಿನಲ್ಲಿ ಪಕ್ಕದ ಮನೆಯ ನಾರಾಯಣಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು ಪಿಸುಗುಟ್ಟುತ್ತಿದ್ದಳು. "ಊರೋರ್ಗೆಲ್ಲ ಇಂಗ್ ತಿನ್ನಿ, ಅಂಗ್ ತಿನ್ನಿ ಅಂತ ಏಳ್ದೋಳು. ಅವಳ್ ಗಂಟ್ಲಾಗೇ ಒಂದ್ ತುತ್ತು ಇಳೀಲಿಲ್ಲ ನೋಡೇ."

ಭವ್ಯಶ್ರೀಗೆ ಅದು ಕೇಳಿಸಿತು. ಕೇಳಲಿ ಎಂದೇ ಹೇಳಿದ್ದೋ ಏನೋ, ಸುಡುಗಾಡು ಬಾಯಿ.

*

ಮಾಲತಿ ಹತ್ತನೇ ಕ್ಲಾಸು ಮುಗಿಸಿದ ವರ್ಷ ಅವಳ ಅಪ್ಪ ಮುನಿಯಪ್ಪನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಕುರಿ ಹಿಂದೆ ದಿನಕ್ಕೆ ಹತ್ತು ಮೈಲಿ ನಡೆಯುವ ಆಸಾಮಿ. ಡಾಕ್ಟರು ತಮಿಳಿನಲ್ಲಿ, "ಸಕ್ಕರೆ ಸಾಪ್ಪಿಡವೇ ಕೂಡಾದು" ಎಂದರು. ಸಕ್ಕರೆ ಮುಟ್ಟಲೇಬಾರದು ಎಂದು. ಎರಡು ನಿಮಿಷದಲ್ಲಿ ಮುಂದಿನವನನ್ನು ಕರೆದರು.

ಅವರ ಮನೆಯಲ್ಲಿ ಸಕ್ಕರೆ ಎಂದರೆ ಕಂದು ಬೆಲ್ಲದ ಪುಡಿ. ಅಂಗಡಿಯ ಬಿಳಿಯದಕ್ಕೆ ಅಸ್ಕ ಎನ್ನುತ್ತಿದ್ದರು. ಗುಂಡಮ್ಮ ಅವತ್ತೇ ಬೆಲ್ಲದ ಪುಡಿಯ ಮಡಕೆಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. ಗಂಡನಿಗೆ ಅಂದಿನಿಂದ ಅಸ್ಕದ ಕಾಫಿ, ದಿನಕ್ಕೆ ಐದು ಲೋಟ. ಬಿಳಿಯದು, ಚೊಕ್ಕಟದ್ದು, ಕಾಯಿಲೆಯವನಿಗೆ ಒಳ್ಳೆಯದು ಎಂದು ಒಂದು ಚಮಚ ಹೆಚ್ಚೇ ಹಾಕಿದಳು. ಎರಡು ವರ್ಷ.

ಕಾಲು ಕೊಳೆತು ಆಸ್ಪತ್ರೆಗೆ ಸೇರಿಸಿದಾಗ ನರ್ಸಮ್ಮ ಒಬ್ಬಳು ಕಾಫಿಗೆ ಏನು ಹಾಕುತ್ತೀರಿ ಎಂದು ಕೇಳಿದಳು.

"ಸಕ್ಕರೆ ಮುಟ್ಟಲ್ಲಮ್ಮ. ಅಸ್ಕಾನೇ ಆಕೋದು," ಎಂದಳು ಗುಂಡಮ್ಮ, ಹೆಮ್ಮೆಯಿಂದ.

ನರ್ಸಮ್ಮ ಪೆನ್ನು ಕೆಳಗಿಟ್ಟಳು. "ಅಯ್ಯೋ, ಅದೂ ಸಕ್ಕರೇನೇ ಕಣಮ್ಮಾ."

ಗುಂಡಮ್ಮ ಮಗಳ ಕಡೆ ತಿರುಗಿದಳು. "ಅಂಗಂತ ಯಾರೂ ಏಳ್ಲೇ ಇಲ್ವಲ್ಲಮ್ಮಿ?"

ಮುನಿಯಪ್ಪ ಹನ್ನೊಂದು ದಿನಕ್ಕೆ ಸತ್ತ. ನನ್ನ ಕೈಯಾರೆ ಹುಯ್ದು ಕೊಂದೆ ಎಂದು ಗುಂಡಮ್ಮ ಎದೆ ಎದೆ ಬಡಿದುಕೊಂಡಳು. ಮಾಲತಿ ಮಾತ್ರ ಆ ಪ್ರಶ್ನೆಯನ್ನು ಹಿಡಿದುಕೊಂಡು ಕೂತಳು. ಹೇಳುವವರು ಒಬ್ಬರಾದರೂ ಇರಬೇಕಲ್ಲ? ಟೀಚರ್ ಟ್ರೈನಿಂಗ್ ಫಾರಂ ತುಂಬಿಟ್ಟಿದ್ದವಳು ಅದನ್ನು ಹರಿದು, ಸೇಲಂನಲ್ಲಿ ಪೋಷಣೆಯ ಓದಿಗೆ ಸೇರಿಕೊಂಡಳು.

*

ಆಸ್ಪತ್ರೆಯಲ್ಲಿ ಅವಳಿಗೆ ಕೊಟ್ಟದ್ದು ಮೆಟ್ಟಿಲ ಕೆಳಗಿನ ಒಂದು ಗೂಡು. ಮೊದಲ ವರ್ಷ ಬಂದವರೆಲ್ಲ ಅವಳನ್ನು ಅಡಿಗೆಯವಳೆಂದೇ ತಿಳಿದರು. "ಸಾಂಬಾರ್ಗೆ ಉಪ್ಪೇ ಇಲ್ಲಮ್ಮ," ಎಂದು ಜಗಳಕ್ಕೆ ಬರುತ್ತಿದ್ದರು. ಅವಳು ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡಳು. ಬೆಲ್ಲ, ಅಸ್ಕ, ರಾಗಿ, ಸಾಮೆ, ಮೂರು ಥರದ ಎಣ್ಣೆ. ಬಂದವರ ಮುಂದೆ ಒಂದೊಂದನ್ನೂ ಹಿಡಿದು, ಮೊದಲು ಕೇಳುತ್ತಿದ್ದದ್ದು ಒಂದೇ: "ನಿಮ್ಮನೇಲಿ ಇದ್ಕೆ ಏನಂತೀರಿ?" ದಿನಸಿ ಅಂಗಡಿ ಇಟ್ಟಿದ್ದಾಳೆ ಎಂದು ಡಾಕ್ಟರುಗಳು ನಕ್ಕರು. ನಕ್ಕವರೇ ನಾಲ್ಕು ವರ್ಷ ಕಳೆದ ಮೇಲೆ, ಅಲ್ಲಿಗೆ ಹೋಗಿ ಬನ್ನಿ ಎಂದು ಚೀಟಿ ಬರೆದು ಕಳಿಸತೊಡಗಿದರು. ಮೇಟ್ಟೂರು ಕಡೆಯ ಕುರಿಯವರು ಬಸ್ಸಿಳಿದು, "ಕನ್ನಡದಮ್ಮ ಎಲ್ಲವ್ರೆ?" ಎಂದು ಗೇಟಿನಲ್ಲೇ ಕೇಳುತ್ತಿದ್ದರು. ಭವ್ಯಶ್ರೀಗೆ ಆ ಹೆಸರು ಕೇಳಿದರೆ ನಾಚಿಕೆ. ಶಾಲೆಯಲ್ಲಿ ಅವಳು ಕನ್ನಡದ ಒಂದಕ್ಷರವನ್ನೂ ಬಾಯಿಂದ ಬಿಡುತ್ತಿರಲಿಲ್ಲ.

ಹೋದ ವರ್ಷ ಮಾಲತಿಗೇ ನುಂಗಲು ಕಷ್ಟವಾಯಿತು. ಗುಂಡಮ್ಮ ಪಾಲಕೋಡಿನ ಮನೆಗೆ ಬೀಗ ಹಾಕಿ ನಂಗವಳ್ಳಿಯ ಆಚೆಯ ಈ ಊರಿಗೆ, ಅಳಿಯನ ಮನೆಗೆ ಬಂದು ಕೂತಳು. ಗಂಜಿಯನ್ನು ತೆಳುಬಟ್ಟೆಯಲ್ಲಿ ಎರಡು ಸಲ ಸೋಸುತ್ತಿದ್ದಳು. ಮಗಳು ಎರಡು ಗುಟುಕು ಕುಡಿದು ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, "ಅವ್ವಾ, ನೀನ್ ತಿಂದ್ಯಾ?" ಎನ್ನುತ್ತಿದ್ದಳು. ತಾಯಿ ಎದುರಿಗೆ ಕೂತು ತಿನ್ನುವ ತನಕ ಬಿಡುತ್ತಿರಲಿಲ್ಲ. ಹಸಿದ ಮಗಳು ನೋಡುತ್ತಿರುವಾಗ ತಿನ್ನುವುದಿದೆಯಲ್ಲ, ಅಂಥ ಶಿಕ್ಷೆ ಶತ್ರುವಿಗೂ ಬೇಡ.

*

ಒಂಬತ್ತೂವರೆ ದಾಟುವುದರೊಳಗೆ ಗುಂಡಮ್ಮನ ಹಣೆಯಲ್ಲಿ ಬೆವರೊಡೆಯಿತು. ಗಾಜಿನ ಮೇಲಿನ ಬೆರಳುಗಳು ಅದುರತೊಡಗಿದವು. ಭವ್ಯಶ್ರೀಯ ಅಪ್ಪ ಗೋವಿಂದರಾಜ್ ಆಂಬುಲೆನ್ಸಿಗೆ ಫೋನ್ ಮಾಡಿದ. ಮೇಟ್ಟೂರಿನಿಂದ ಬರಬೇಕು, ಮುಕ್ಕಾಲು ಗಂಟೆ ಆಗುತ್ತೆ ಎಂದರು. ಅವನು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತಿತ್ತ ನೋಡಿದ. ರಾತ್ರಿಯೆಲ್ಲ ಅತ್ತು ಅವನ ತಲೆ ಏನೂ ಓಡುತ್ತಿರಲಿಲ್ಲ.

ಬಂದವರಿಗೆಂದು ರಸ್ತೆಯ ಅಂಗಡಿಯಿಂದ ಟೀ ಕ್ಯಾನು, ಬನ್ನು ಬಂದಿದ್ದವು. ಭವ್ಯಶ್ರೀ ಒಂದು ಲೋಟ ಟೀಗೆ ಮೂರು ಚಮಚ ಸಕ್ಕರೆ ಕದಡಿ ತಂದು ಅಜ್ಜಿಯ ತುಟಿಗೆ ಹಿಡಿದಳು. ಮುದುಕಿ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಟೀ ಸೀರೆಯ ಮೇಲೆ ಚೆಲ್ಲಿತು.

"ಬ್ಯಾಡ ಅಂದ್ರೆ ಬ್ಯಾಡ."

"ಅಜ್ಜಿ, ನಿನ್ ಕಾಲ್ ಇಡೀತೀನಿ. ಒಂದೇ ಗುಟುಕು."

"ಗಂಡನ್ಗೆ ಉಯ್ದು ಸಾಯ್ಸ್ದೆ. ಮಗಳ್ಗೆ ಸೋಸಿ ಸೋಸಿ ಕೊಟ್ಟೆ, ಅವ್ಳೂ ಒಂಟೋದ್ಲು. ಇನ್ ಯಾಕೆ ನಂಗೆ? ಯಾಕೆ?"

ಹುಡುಗಿ ಇನ್ನೊಂದು ಲೋಟ ತರಲು ಎದ್ದಳು. ಒಂದೇ ದಿನದಲ್ಲಿ ಇಬ್ಬರನ್ನೂ ಕಳೆದುಕೊಳ್ಳುವುದೇ? ಅಮ್ಮ ಇದ್ದಿದ್ದರೆ ಈ ಮುದುಕಿ ಹೀಗೆ ಹಟ ಮಾಡುತ್ತಿದ್ದಳೇ? ಅಮ್ಮನ ಮಾತಿಗೆ ಎದುರಾಡಿದವರನ್ನೇ ಅವಳು ನೋಡಿರಲಿಲ್ಲ.

ಮತ್ತೆ ಬಂದು ಕೂತಾಗ ಅಜ್ಜಿಯ ಕಣ್ಣು ಬೇರೆಯಾಗಿತ್ತು. ಎಲ್ಲೋ ನೋಡುತ್ತಿದ್ದ ಕಣ್ಣು ನಿಧಾನವಾಗಿ ಹುಡುಗಿಯ ಮೇಲೆ ಬಂದು ನಿಂತಿತು. ಮುದುಕಿಯ ಮುಖ ಸಡಿಲಾಯಿತು.

"ಮಾಲ್ತೀ," ಎಂದಳು. ನಾಲಿಗೆ ತೊದಲುತ್ತಿತ್ತು. "ಯಾಕಮ್ಮಿ ಇಂಗ್ ಕುಂತ್ಕಂಡೆ? ಬಸ್ಸಿಗೆ ಒತ್ತಾಗ್ಲಿಲ್ವಾ?"

ನಾರಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಇದು ಸಕ್ಕರೆ ಇಳಿದ ಲಕ್ಷಣ, ತಲೆಗೆ ಏರಿದೆ, ಇನ್ನು ಪ್ರಜ್ಞೆ ತಪ್ಪುವುದೊಂದೇ ಬಾಕಿ ಎಂದು ಭವ್ಯಶ್ರೀಗೆ ಗೊತ್ತಿತ್ತು. ನಾನು ಭವ್ಯಾ ಎಂದರೆ ಹಲ್ಲು ಮತ್ತೆ ಕಚ್ಚಿಕೊಳ್ಳುತ್ತದೆ ಎಂಬುದೂ ಗೊತ್ತಿತ್ತು.

"ಅವ್ವಾ," ಎಂದಳು.

ಹುಟ್ಟಿದಂದಿನಿಂದ ಅವಳ ಬಾಯಲ್ಲಿ ಬಂದ ಪದವಲ್ಲ ಅದು. ಅವಳಿಗೆ ತಾಯಿ ಎಂದರೆ ಅಮ್ಮ. ಅವ್ವ ಎನ್ನುತ್ತಿದ್ದವಳು ಗಾಜಿನ ಆಚೆ ಮಲಗಿದ್ದಳು.

"ಅವ್ವಾ, ಸೂಜಿ ಆಕ್ಕಂಡಿದೀಯಾ. ಅರ್ಧ್ ಗಂಟೆ ಯಾವಾಗ್ಲೋ ಆಗೋಯ್ತು. ಇದ್ನ ಕುಡಿ."

"ನೀನ್ ಕುಡಿದ್ಯಾ?"

"ಕುಡಿದೆ ಕಣವ್ವ. ಒಟ್ಟೆ ತುಂಬಾ ಕುಡಿದೆ."

"ಗಂಟ್ಲಾಗೆ ಇಳೀತಾ?"

ಭವ್ಯಶ್ರೀ ಲೋಟವನ್ನು ಇನ್ನೂ ಹತ್ತಿರ ತಂದಳು. "ಇಳೀತು. ಚೆನ್ನಾಗಿ ಇಳೀತು."

"ಅಂಗಾದ್ರೆ ತಾ," ಎಂದು ಗುಂಡಮ್ಮ ಬಾಯಿ ತೆರೆದಳು.

ತಿಮ್ಮರಾಯಪ್ಪ ಊರುಗೋಲು ಹಿಡಿದು ಎದ್ದು ಬಂದವನು, ತಂಗಿಯ ಮುಖ ನೋಡಿ ಅಲ್ಲೇ ನಿಂತ. ಆಮೇಲೆ ಬಾಗಿಲಿಗೆ ಅಡ್ಡವಾಗಿ, ಹೊರಗಿನವರಿಗೆ ಕಾಣದಂತೆ ನಿಂತುಕೊಂಡ. ಅವನ ಭುಜ ಅಲುಗುತ್ತಿತ್ತು.

ಹುಡುಗಿ ಗುಟುಕು ಗುಟುಕಾಗಿ ಒಂದು ಲೋಟ ಕುಡಿಸಿದಳು. ಇನ್ನೊಂದು ಅರ್ಧ ಲೋಟ. ಮುದುಕಿ ಮಗುವಿನಂತೆ ಕುಡಿಯುತ್ತ, ನಡುನಡುವೆ ಅವಳ ಕೆನ್ನೆ ಸವರುತ್ತಿದ್ದಳು. "ಮೈ ತುಂಬ್ಕಂಡಿದೀಯಾ. ಕಾಯ್ಲೆ ಓಯ್ತು, ಅಲ್ವೇನಮ್ಮಿ?" ಭವ್ಯಶ್ರೀ ಹೂಂ, ಹೂಂ ಎನ್ನುತ್ತಲೇ ಹೋದಳು. ಅಳು ಬಂದರೆ ಕೆಟ್ಟಿತು ಎಂದು ತುಟಿ ಕಚ್ಚಿಕೊಂಡಿದ್ದಳು. ಕಾಲು ಗಂಟೆ ಕಳೆಯಿತು. ಬನ್ನನ್ನು ಟೀಯಲ್ಲಿ ಅದ್ದಿ ಒಂದು ತುಂಡು ಬಾಯಿಗಿಟ್ಟಳು. ಅಜ್ಜಿಯ ಬೆವರು ಆರಿತ್ತು. ಬೆರಳ ನಡುಕ ನಿಂತಿತ್ತು.

ಗುಂಡಮ್ಮ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು.

"ಭವ್ಯಾ?"

"ಊಂ ಅಜ್ಜಿ."

"ಈಗ್ ತಾನೇ ಇಲ್ಲಿದ್ಲಲ್ಲ ನಿಮ್ಮಮ್ಮ. ನಂಗೆ ತಿನ್ನುಸ್ತಿದ್ಲು. ಎಲ್ಲೋದ್ಲು?"

ಇಷ್ಟು ಹೊತ್ತು ಈ ಮನೆಯಲ್ಲಿ ಒಬ್ಬಳ ಪಾಲಿಗಾದರೂ ಅಮ್ಮ ಬದುಕಿದ್ದಳು. ತುತ್ತು ತುತ್ತಾಗಿ ತಿನ್ನಿಸಿ ಭವ್ಯಶ್ರೀ ಅದನ್ನೂ ತಾನೇ ಮುಗಿಸಿದ್ದಳು. ಗುಂಡಮ್ಮ ಅತ್ತ ಇತ್ತ ನೋಡಿದಳು. ನೆಂಟರ ಮುಖಗಳನ್ನು ನೋಡಿದಳು. ಕೊನೆಗೆ ಮಗ್ಗುಲಿನ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದಳು.

ಆಗ ಎದ್ದ ಕೂಗು ಹಿಂದಿನ ಸಂಜೆಯ ಕೂಗಿಗಿಂತ ದೊಡ್ಡದು. ಬೀದಿಯ ಕೊನೆಯವರೂ ಯಾರೋ ಈಗಷ್ಟೇ ಹೋದರೆಂದು ಎದ್ದು ನಿಂತರು. ಕೂಗುವ ಬಾಯಿಂದ ಅರ್ಧ ಅಗಿದ ಬನ್ನು ಜಾರಿತು. ಹುಡುಗಿ ಗದ್ದದ ಕೆಳಗೆ ಅಂಗೈ ಒಡ್ಡಿ ಅದನ್ನು ಹಿಡಿದಳು. "ನುಂಗಜ್ಜಿ, ನುಂಗು, ನುಂಗು," ಎಂದು ಬಿಕ್ಕುತ್ತ ಅದನ್ನೇ ಮತ್ತೆ ಆ ಬಾಯಿಗೆ ಇಡತೊಡಗಿದಳು.