ಮೂಗು ಅಂಟಿಸಿದ ಮೇಲೆ

ಜೇನುಮೇಣ ಕಾಯಿಸಿದ ವಾಸನೆ ಎಲ್ಲಿಂದಲಾದರೂ ತೇಲಿ ಬಂದರೆ ಸಾಕು, ಪುಟ್ಟಿಗೆ ನಾಟಕ ಕಂಪನಿಯ ಆ ಉದ್ದನೆಯ ಬಣ್ಣದ ಕೋಣೆ ಕಣ್ಣಿಗೆ ಕಟ್ಟುತ್ತದೆ. ಗೋಡೆಯುದ್ದಕ್ಕೂ ಕನ್ನಡಿ, ಮೊಳೆಗೆ ತೂಗುಹಾಕಿದ ಗಡ್ಡಗಳು, ಮೂಲೆಯಲ್ಲಿ ಅವಳ ಹೊಲಿಗೆ ಮಿಷನ್ನು. ಶಾಲೆ ಬಿಟ್ಟ ಮೇಲೆ ಅವಳು ಅಲ್ಲೇ ಗುಂಡಿ ಹಾಕುತ್ತ, ಹರಿದದ್ದನ್ನು ಹೊಲಿಯುತ್ತ ದೊಡ್ಡವಳಾದಳು. ಬಾಯಿ ತೆರೆಯುವುದಕ್ಕಿಂತ ಸೂಜಿಗೆ ದಾರ ಪೋಣಿಸುವುದೇ ಅವಳಿಗೆ ಸಲೀಸು.

ಅವಳ ಅಪ್ಪ ಯೆಹೂದಿ ವೈದ್ಯನ ಪಾತ್ರ ಮಾಡುತ್ತಿದ್ದ. ಅದು ಅಜ್ಜಂದಿರ ಕಾಲದಿಂದ ಆಡುತ್ತ ಬಂದ ನಾಟಕ. ಯೆಹೂದಿ ಎಂಬ ಒಂದೇ ಕಾರಣಕ್ಕೆ ಊರಿನವರು ವೈದ್ಯನ ಮನೆಗೆ ಬೆಂಕಿ ಇಡುತ್ತಾರೆ. ಮುಂದೊಮ್ಮೆ ದೊರೆಯ ಮಗು ಜ್ವರದಿಂದ ಮಲಗಿದಾಗ ತಾಯಿ ಬಂದು ಅವನ ಕಾಲು ಹಿಡಿಯುತ್ತಾಳೆ. ಅವನು ಔಷಧದ ಪೆಟ್ಟಿಗೆ ತೆರೆಯುವುದಿಲ್ಲ. ಮಗು ಸಾಯುತ್ತದೆ. ಊರು ಅವನನ್ನು ಹೊಡೆದು ಓಡಿಸುತ್ತದೆ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ.

ಬಣ್ಣದ ಕೋಣೆಯಲ್ಲಿ ಆ ಬಗ್ಗೆ ಜಗಳ ಮುಗಿಯುತ್ತಲೇ ಇರಲಿಲ್ಲ.

“ಮಗು ಸಾಯ್ತಿದ್ರೂ ಕಲ್ಲಿನ ಹಾಗೆ ಕೂತಿರ್ತಾನಲ್ಲ, ಖಳ ಅಲ್ದೆ ಇನ್ನೇನು?” ಎನ್ನುತ್ತಿದ್ದಳು ಚಿಕ್ಕಮ್ಮ. ತಾಯಿಯ ಪಾತ್ರ ಅವಳದು.

“ಮನೆ ಸುಟ್ಟೋರು ಸಾಧುಗಳಾ ಹಾಗಾದ್ರೆ?” ಎಂದು ಅಪ್ಪ ಕೇಳುತ್ತಿದ್ದ.

“ಭಾವ, ನೀವು ಅವನ ವಕೀಲರು ಕಣ್ರೀ! ಫೀಸು ಎಷ್ಟು ಕೊಡ್ತಾನೆ?”

“ಚಪ್ಪಾಳೆ ಎಲ್ಲ ನಿನಗೆ, ಬೈಗುಳ ಎಲ್ಲ ನನಗೆ. ಅದೇ ಫೀಸು.”

ನಗು ಅಷ್ಟಕ್ಕೇ ನಿಲ್ಲುತ್ತಿತ್ತು. ಏಕೆಂದರೆ ಕಂಪನಿಯ ಯಜಮಾನರದ್ದೊಂದು ನಿಯಮವಿತ್ತು. ಅಪ್ಪ ಮೇಣದ ಡೊಂಕು ಮೂಗು ಅಂಟಿಸಿಕೊಂಡ ಮೇಲೆ, ಆಟ ಮುಗಿಯುವವರೆಗೂ ಯಾರೂ ಅವನ ಜೊತೆ ಮಾತಾಡುವಂತಿಲ್ಲ. ಒಂಟಿಯಾಗಿ ಕೂತು ಕೂತು ಎದೆ ಕಲ್ಲಾದರೇನೇ ಪಾತ್ರಕ್ಕೆ ಕಳೆ ಎಂಬುದು ಅವರ ನಂಬಿಕೆ. ಚಿಕ್ಕಮ್ಮ ಸ್ಟೂಲನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಉಳಿದವರು, ಅಲ್ಲೊಂದು ಖಾಲಿ ಕುರ್ಚಿ ಇದೆಯೇನೋ ಎಂಬಂತೆ ಅವನನ್ನು ಬಳಸಿಕೊಂಡು ಓಡಾಡುತ್ತಿದ್ದರು.

ಆ ವರ್ಷ ಯಜಮಾನರು ಅಪ್ಪನನ್ನು ಕರೆದು ಖಡಾಖಂಡಿತವಾಗಿ ಹೇಳಿದರು: “ಇತ್ತೀಚೆಗೆ ಮೆತ್ತಗಾಗಿದ್ದೀರಿ. ಜನ ಬೈಯೋದೇ ಕಡಿಮೆಯಾಗಿದೆ. ಇನ್ನೊಂದ್ಸಲ ಹೀಗಾದ್ರೆ ಪಾತ್ರ ನಿಮ್ಮ ತಮ್ಮನಿಗೆ.” ಬಾಗಿಲ ಹಿಂದೆ ಇಸ್ತ್ರಿ ಮಾಡುತ್ತಿದ್ದ ಪುಟ್ಟಿಗೆ ಅದು ಕೇಳಿಸಿತು. ಆ ಪಾತ್ರ ಹೋದರೆ ಅಪ್ಪನಿಗೆ ಉಳಿಯುವುದೇನು?

ಆಮೇಲಿನ ಭಾನುವಾರ ಮಧ್ಯಾಹ್ನದ ಆಟ. ಮೂಗು ಅಂಟಿಸಿಕೊಂಡು ಕೂತ ಅಪ್ಪನಿಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬಂದರೂ ನಿಲ್ಲದು. ಎಲ್ಲರಿಗೂ ಕೇಳಿಸುತ್ತಿತ್ತು, ಯಾರೂ ತಿರುಗಲಿಲ್ಲ. ಪುಟ್ಟಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು.

“ಅಪ್ಪಾ, ಬಿಸಿನೀರು. ಒಂದು ಗುಟುಕು ಕುಡಿ.”

ಕನ್ನಡಿಗಳಲ್ಲಿ ಎಲ್ಲರ ಕಣ್ಣೂ ಅವಳತ್ತ ತಿರುಗಿದವು. ಅಪ್ಪ ಲೋಟ ಇಸಕೊಂಡು, ಅವಳ ಮುಖವನ್ನೇ ನೋಡುತ್ತ ಪೂರ್ತಿ ಕುಡಿದ.

ಆಟ ಶುರುವಾಯಿತು. ಚಿಕ್ಕಮ್ಮ ಅವನ ಕಾಲು ಹಿಡಿದು ಗೋಳಾಡಿದಳು. ಅಪ್ಪನ ಕೈ ಪೆಟ್ಟಿಗೆಯ ಮೇಲೆ ಹೋಯಿತು, ಮುಚ್ಚಳ ತೆಗೆದೇಬಿಟ್ಟ. ಅದುವರೆಗೆ ಯಾವ ಆಟದಲ್ಲೂ ತೆರೆಯದ ಪೆಟ್ಟಿಗೆ. ಒಳಗೆ ರಂಗದ ಬಡಗಿಯ ಸುತ್ತಿಗೆ, ನಾಲ್ಕಾರು ಮೊಳೆ, ಅರ್ಧ ತಿಂದ ಬನ್ನು.

ಚಿಕ್ಕಮ್ಮ ಅಳುತ್ತಲೇ ಹಲ್ಲು ಕಚ್ಚಿ ಪಿಸುಗುಟ್ಟಿದಳು: “ಮುಚ್ಚಿ ಭಾವ, ಮುಚ್ಚಿ! ಮಗು ಸಾಯ್ಬೇಕು!”

ಅದು ಮುಂದಿನ ಸಾಲಿಗೆ ಕೇಳಿಸಿತು. ಇಡೀ ರಂಗಮಂದಿರ ಗೊಳ್ಳೆಂದಿತು. ಯಜಮಾನರು ಓಡಿ ಬಂದು ಪರದೆ ಬಿಡಿಸಿದರು. “ಮಗು ಬದುಕಿಬಿಟ್ರೆ ಮೂರನೇ ಅಂಕದಲ್ಲಿ ಏನಪ್ಪಾ ಆಡ್ಲಿ? ನಾಮಕರಣಾನಾ?”

ಪಾತ್ರ ಚಿಕ್ಕಪ್ಪನ ಪಾಲಾಯಿತು. ಮನೆಯ ದಾರಿಯುದ್ದಕ್ಕೂ ಪುಟ್ಟಿ ತಲೆ ಎತ್ತಲಿಲ್ಲ.

“ನನ್ನಿಂದಾನೇ ಹೀಗಾಯ್ತು.”

“ಹೌದು, ನಿನ್ನಿಂದಾನೇ,” ಎಂದ ಅಪ್ಪ. ಸಿಟ್ಟಿರಲಿಲ್ಲ. “ಊರಲ್ಲಿ ಯಾರಾದ್ರೂ ಒಬ್ರು ಆ ವೈದ್ಯನಿಗೆ ಹೀಗೆ ನೀರು ಕೊಟ್ಟಿದ್ರೆ ಈ ನಾಟಕಾನೇ ಇರ್ತಿರ್ಲಿಲ್ಲ ಬಿಡು.”

ಮುಂದಿನ ಆಟಕ್ಕೆ ಅವನನ್ನು ಊರಜನರ ಗುಂಪಿನಲ್ಲಿ ನಿಲ್ಲಿಸಿದರು. ಕೈಗೊಂದು ದೊಣ್ಣೆ. ಪಕ್ಕದ ಪರದೆಯ ಸಂದಿಯಿಂದ ಪುಟ್ಟಿ ನೋಡಿದಳು: ಎಲ್ಲರಿಗಿಂತ ಅಪ್ಪನ ದನಿಯೇ ಜೋರು. ಸ್ವಂತ ತಮ್ಮನನ್ನು “ಓಡೋ, ಯೆಹೂದಿ!” ಎಂದು ಅಟ್ಟಿದ. ಚಪ್ಪಾಳೆಯೋ ಚಪ್ಪಾಳೆ.

ಒಳಗೆ ಬಂದಾಗ ಅವನ ಮುಖ ಬಿಳಿಚಿತ್ತು. “ಈಗಲಾದ್ರೂ ಒಪ್ಕೊಳ್ಳಿ ಭಾವ, ಅವನು ಖಳ ತಾನೆ?” ಎಂದು ಚಿಕ್ಕಮ್ಮ ಕೆಣಕಿದಳು. ಅಪ್ಪ ಪುಟ್ಟಿಯ ಕಡೆ ತಿರುಗಿದ.

“ಎಷ್ಟು ಸಲೀಸು ಕಣೇ ಪುಟ್ಟಿ,” ಎಂದ. “ಆ ವೈದ್ಯನ ಮೌನಕ್ಕೆ ನಾನು ದಿನವಿಡೀ ತಯಾರಾಗ್ತಿದ್ದೆ. ದೊಣ್ಣೆ ಎತ್ತೋದಕ್ಕೆ ಏನೂ ಬೇಕಾಗ್ಲಿಲ್ಲ. ಈ ಅಂಗಿ ಎತ್ತಿಡು. ಇನ್ಮೇಲೆ ನಾನು ಪರದೆ ಎಳೀತೀನಿ ಅಂತ ಯಜಮಾನರಿಗೆ ಹೇಳು.”

ಪುಟ್ಟಿ ಹೋಗಿ ಹೇಳಿದಳು. ಯಜಮಾನರ ಮುಂದೆ ಅವಳು ತಡವರಿಸದೆ ಆಡಿದ ಮೊದಲ ಮಾತು ಅದು.

ಕಂಪನಿ ಮುಚ್ಚುವವರೆಗೂ ಅಪ್ಪ ಪರದೆಯ ಹಗ್ಗವನ್ನೇ ಹಿಡಿದಿದ್ದ. ಊರಜನ ದೊಣ್ಣೆ ಎತ್ತುವಷ್ಟರಲ್ಲೇ ಪರದೆ ಬಿದ್ದುಬಿಡುತ್ತದೆ ಎಂದು ಯಜಮಾನರು ಕೊನೆಯ ಆಟದವರೆಗೂ ಗೊಣಗುತ್ತಿದ್ದರು.