ಮೂವರ ಪ್ಯಾಕೇಜು

ದುಡ್ಡು ವಾಪಸು ಬರುವುದಿಲ್ಲ ಎಂದು ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿರುವಾಗ ಆ ಪ್ಯಾಕೇಜು ಕೊಳ್ಳುವುದು ಜಾಣತನವೋ ಹಟವೋ? ಹಟವೇ ಇರಬೇಕು. ಆದರೆ ಕೋಣೆಯನ್ನೂ ಪಾರ್ಕಿನ ಟಿಕೆಟನ್ನೂ ಬೇರೆ ಬೇರೆಯಾಗಿ ಕೊಂಡರೆ, ಕೋಣೆ ಬೇಡವಾಗಬಹುದು ಎಂದು ಇಂದೇ ಒಪ್ಪಿಕೊಂಡಂತೆ ಆಗುವುದಿಲ್ಲವೇ? ಬೇಡವಾಗುತ್ತದೆ ಎಂದು ಯಾರು ಹೇಳಿದರು? ಯಾರೂ ಹೇಳಿಲ್ಲ. ಮೇ ಕೊನೆಗೆ ಒಂದು ದಿನ ಮಗಳನ್ನು ಕರೆದೊಯ್ಯಲು ಬರುತ್ತೇನೆ ಎಂದಷ್ಟೇ ಅಣ್ಣ ಹೇಳಿದ್ದು.

ಊಟಿಯ ಹೋಟೆಲೊಂದರ ರಿಸೆಪ್ಶನ್ ಮೇಜಿನ ಹಿಂದೆ ನಿಂತು ಮಹಾಲಿಂಗಂ ಹೀಗೆ ಯೋಚಿಸುತ್ತಿದ್ದಾಗ, ಈರೋಡಿನಿಂದ ಬಂದವನೊಬ್ಬ ಕೈಯಲ್ಲಿ ಕಾರಿನ ಕೀಲಿ ಕುಣಿಸುತ್ತ ಎದುರಿಗೆ ನಿಂತಿದ್ದ.

"ಪ್ಯಾಕೇಜ್ ಬೇಡ. ರೂಮ್ ಮಾತ್ರ ಕೊಟ್ರೆ? ಊಟ, ಬೋಟು, ಗಾಡಿ ನಾವೇ ನೋಡ್ಕೋತೀವಿ."

"ನೋಡ್ಕೋಬಹುದು ಸಾರ್. ಸೀಸನ್‌ನಲ್ಲಿ ಗಾಡಿ ಸಿಕ್ಕಿದ್ರೆ."

ಹಿಂದೆ ಸೋಫಾದಲ್ಲಿ ಕೂತಿದ್ದ ಅವನ ಹೆಂಡತಿ ಅಲ್ಲಿಂದಲೇ ಕೂಗಿದಳು: "ಕೊಟ್ಟು ತಗೊಳ್ರೀ. ನಿಮ್ಮ ಲೆಕ್ಕಾಚಾರ ಎಲ್ಲ ಬೆಟ್ಟ ಹತ್ತೋವರೆಗೆ ಅಷ್ಟೆ."

ಅವನು ಪ್ಯಾಕೇಜು ತೆಗೆದುಕೊಂಡ. ಹೆಚ್ಚಿನವರು ತೆಗೆದುಕೊಳ್ಳುತ್ತಿದ್ದರು. ಸೀಸನ್‌ನಲ್ಲಿ ಗಾಡಿ ಸಿಕ್ಕಿದರೆ ಎಂಬ ಮಾತನ್ನು ಮಹಾಲಿಂಗಂ ದನಿ ಏರಿಸದೆ, ನಗದೆ, ಕಿಟಕಿಯ ಆಚೆ ಒಮ್ಮೆ ನೋಡಿ ಹೇಳುತ್ತಿದ್ದ. ಇತಿಹಾಸದಲ್ಲಿ ಪದವಿ ಪಡೆದು ಈ ಮೇಜಿಗೆ ಬಂದವನು ಇಲ್ಲಿ ಕಲಿತದ್ದು ಅದನ್ನೇ. ಒಂದು ಮಾತು ಹೇಳಿ ಸುಮ್ಮನಾದರೆ ಉಳಿದದ್ದನ್ನು ಎದುರಿನವರೇ ತುಂಬಿಕೊಳ್ಳುತ್ತಾರೆ.

ಸೀಸನ್ ಎಂದರೆ ಊರಿಗೆಲ್ಲ ರಜೆ, ಬೆಟ್ಟದಲ್ಲಿ ಕೆಲಸ ಮಾಡುವವರಿಗೆ ಮಾತ್ರ ರಜೆಯಿಲ್ಲ. ಮೇ ಮುಗಿಯುವ ಹೊತ್ತಿಗೆ, ಜನ ಇಳಿದು ಹೋಗುತ್ತಿರುವಾಗ, ಅವನಿಗೆ ಮೂರು ದಿನ ಸಿಕ್ಕಿತ್ತು. ಅಷ್ಟರಲ್ಲಿ ನಿವೇತಾಳನ್ನು ಕೆಳಗೆ, ಕೊಯಮತ್ತೂರಿನ ಆಚೆ, ನೀರಾಟ ತೊಟ್ಟಿಲಾಟಗಳ ಪಾರ್ಕಿಗೆ ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಶಾಲೆ ತೆರೆಯುವ ಮೊದಲು. ಅದಾದ ಮೇಲೆ ಅವಳು ಈ ಮನೆಯಲ್ಲಿ ಇರುವುದಿಲ್ಲ.

ನಿವೇತಾ ಅವನ ಅಣ್ಣ ಭೀಮನ ಮಗಳು. ತಾಯಿ ತೀರಿಕೊಂಡಾಗ, ತೆಪ್ಪಕಾಡಿನ ಆನೆ ಶಿಬಿರದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸುವ ಭೀಮ ಅವಳನ್ನು ಕೋತಗಿರಿ ಹತ್ತಿರದ ಹಟ್ಟಿಗೆ ತಂದು, ತಮ್ಮ ಮತ್ತು ಅವನ ಹೆಂಡತಿ ಗಾಯತ್ರಿಯ ಕೈಗೆ ಒಪ್ಪಿಸಿ ಹೋಗಿದ್ದ. ಅವರಿಗೆ ಮಕ್ಕಳಿರಲಿಲ್ಲ. ಆಗ ಅವಳು ಎರಡನೇ ಕ್ಲಾಸು, ಈಗ ಐದು ಮುಗಿದಿತ್ತು. ಅಪ್ಪನ ತಮ್ಮನನ್ನು ಹಟ್ಟಿಯ ಎಲ್ಲ ಮಕ್ಕಳಂತೆ ಕುನ್ನಪ್ಪ ಎಂದೂ ಗಾಯತ್ರಿಯನ್ನು ಕುನ್ನವ್ವೆ ಎಂದೂ ಕರೆಯುತ್ತಿದ್ದಳು. ಜ್ವರ ಬಂದಾಗ ಮಾತ್ರ ಗಾಯತ್ರಿಯನ್ನು ಬರೀ ಅವ್ವೆ ಎನ್ನುತ್ತಿದ್ದಳು. ಭೀಮ ಈ ವರ್ಷ ಮತ್ತೆ ಮದುವೆಯಾಗಿದ್ದ. ಮಗಳನ್ನು ಗೂಡಲೂರಿನ ಶಾಲೆಗೆ ಸೇರಿಸುತ್ತೇನೆ ಎಂದಿದ್ದ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅಂದು ಸಂಜೆ ಮಹಾಲಿಂಗಂ ಮನೆ ಸೇರಿದಾಗ ಗಾಯತ್ರಿ ಚಹಾ ಫ್ಯಾಕ್ಟರಿಯ ಎಲೆ ವ್ಯಾನಿಗೆ ಚೀಲ ಹಾಕಿ ಬಂದು ಒಲೆಯ ಮುಂದೆ ಕೈ ಕಾಯಿಸುತ್ತಿದ್ದಳು. ಚಹಾ ಎಲೆಯ ಕಪ್ಪು ಬೆರಳ ತುದಿಯಲ್ಲಿ ಹಾಗೇ ಇತ್ತು. ನಿವೇತಾ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು ತಲೆಯ ಮೇಲೆ ಸ್ಕೇಲು ಇಟ್ಟುಕೊಂಡಿದ್ದಳು.

"ಕುನ್ನಪ್ಪ, ನೂರ ನಲವತ್ತು ಆದ್ರೆ ದೊಡ್ಡ ರೈಡಿಗೆ ಬಿಡ್ತಾರಂತೆ. ನೋಡಿ, ಆಯ್ತಾ?"

"ಹಿಮ್ಮಡಿ ಇಳಿಸು."

"ಇಳಿಸಿದ್ರೆ ಆಗಲ್ಲ."

"ಹಾಗಾದ್ರೆ ಆಗಿಲ್ಲ."

"ಹೋಟೆಲಿನಲ್ಲೂ ಹೀಗೇ ಮಾತಾಡ್ತಾರಾ ಕುನ್ನವ್ವೆ? ಯಾರು ಉಳಿದುಕೊಳ್ತಾರೆ ಅಲ್ಲಿ!"

ಗಾಯತ್ರಿ ನಕ್ಕಳು. ಊಟದ ನಂತರ, ನಿವೇತಾ ಪಕ್ಕದ ಮನೆಗೆ ಟಿವಿ ನೋಡಲು ಹೋದಾಗ, ಅವನು ಎರಡು ದಾರಿಗಳನ್ನೂ ಹೆಂಡತಿಯ ಮುಂದಿಟ್ಟ. ಪ್ಯಾಕೇಜಿನಲ್ಲಿ ಪಾರ್ಕಿನ ಒಳಗಿನ ಹೋಟೆಲೇ ಸಿಗುತ್ತದೆ, ಎರಡು ದಿನದ ಟಿಕೆಟು, ಎರಡು ಹೊತ್ತಿನ ಊಟ. ದೊಡ್ಡವರು ಇಬ್ಬರು, ಮಗು ಒಂದು. ಇನ್ನೊಬ್ಬರನ್ನು ಕೂಡಿಸುವ ಹಾಗಿಲ್ಲ, ತಾರೀಖು ಬದಲಿಸುವ ಹಾಗಿಲ್ಲ. ಬೇರೆ ಬೇರೆ ತೆಗೆದುಕೊಂಡರೆ ಪಾರ್ಕಿನ ಎದುರಿಗೆ ಸಾಧಾರಣ ಲಾಡ್ಜು, ವಾರದ ನಡುವೆ ಟಿಕೆಟೂ ಅಗ್ಗ. ಊಟಕ್ಕೆ ಹೊರಗೆ ಅಲೆಯಬೇಕು. ಆದರೆ ಕೋಣೆಯನ್ನು ಹಿಂದಿನ ದಿನದವರೆಗೂ ಬಿಡಬಹುದು.

"ಪ್ಯಾಕೇಜೇ ತಗೊಳ್ಳಿ" ಎಂದಳು ಗಾಯತ್ರಿ.

"ನಾಳೆ ಅಣ್ಣ ಅದೇ ದಿನಕ್ಕೆ ಬರ್ತೀನಿ ಅಂದ್ರೆ? ದುಡ್ಡು ಹೋಗುತ್ತೆ. ವಾಪಸು ಇಲ್ಲ ಅಂತ ಬರೆದಿದೆ."

"ಬರೆದಿದೆಯಲ್ಲ. ನನಗೆ ಅದೇ ಬೇಕು." ಅವಳು ಒಲೆಯ ಬೂದಿ ಸರಿಸಿದಳು. "ಅಷ್ಟು ದುಡ್ಡು ಹಾಳಾಗುತ್ತೆ ಅಂದ್ರೆ ಭಾವ ಬರಲ್ಲ. ನಿಮ್ಮ ವಂಶದಲ್ಲಿ ಯಾರೂ ಬರಲ್ಲ."

ಆ ಮೂರು ದಿನಗಳಿಗೆ ಬೀಗ ಹಾಕಿಡಬೇಕು, ಅಷ್ಟೇ ಅವಳ ಆಸೆ ಎಂಬುದು ಅವನಿಗೆ ತಿಳಿಯಿತು.

ಮರುದಿನ ಕೋತಗಿರಿ ಬಸ್ ನಿಲ್ದಾಣದ ಎದುರಿನ ಟ್ರಾವೆಲ್ಸ್ ಅಂಗಡಿಗೆ ಹೋದ. ಅದನ್ನು ನಡೆಸುತ್ತಿದ್ದ ತೇನ್ಮೊಳಿ ಅವನನ್ನು ಬಹಳ ದಿನದಿಂದ ಬಲ್ಲವಳು.

"ಬನ್ನಿ ಅಣ್ಣಾ! ಕೆಳಗಿನವರಿಗೆಲ್ಲ ಪ್ಯಾಕೇಜ್ ಮಾರೋರು ಇವತ್ತು ನನ್ನ ಹತ್ರ ಕೊಳ್ಳೋಕೆ ಬಂದಿದ್ದೀರಿ. ದೇವರು ಇದ್ದಾನೆ."

"ಮಗು ಟಿಕೆಟು ಹೇಗೆ?"

"ಪ್ಯಾಕೇಜಲ್ಲಿ ವಯಸ್ಸು ನೋಡ್ತಾರೆ. ಬೇರೆ ತಗೊಂಡ್ರೆ ಗೇಟಲ್ಲಿ ಎತ್ತರ ನೋಡ್ತಾರೆ. ಯಾವುದು ಹಾಕ್ಲಿ?"

ಪ್ಯಾಕೇಜು ಎಂದು ಹೇಳಲೆಂದೇ ಅವನು ಬಂದಿದ್ದ. ಆದರೆ ಅಣ್ಣ ಫೋನಿನಲ್ಲಿ ಬರುತ್ತೇನೆ ಎಂದರೆ ತಾನು ಏನು ಹೇಳಬೇಕಾಗುತ್ತದೆ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದ್ದ. ಬರಬೇಡ ಎನ್ನುವುದಕ್ಕೆ ದುಡ್ಡನ್ನು ಅಡ್ಡ ಇಟ್ಟುಕೊಳ್ಳುವುದು ಅವನಿಗೆ ಸರಿಕಾಣಲಿಲ್ಲ. ಮಗಳನ್ನು ಕೇಳುವವನು ಅಪ್ಪ. ಅವನಿಗೆ ದಾರಿ ಬಿಟ್ಟಿರಬೇಕು.

"ಬೇರೆ ಬೇರೆಯೇ ಹಾಕು" ಎಂದ.

"ನಿಮ್ಮ ಮಾತು ನೀವೇ ನಂಬಲ್ಲ ನೋಡಿ" ಎಂದು ನಗುತ್ತ ತೇನ್ಮೊಳಿ ಕೀಲಿಗಳನ್ನು ಒತ್ತಿದಳು.

ಮನೆಗೆ ಬಂದು "ಬುಕ್ ಆಯ್ತು" ಎಂದ. ಗಾಯತ್ರಿ ಯಾವುದು ಎಂದು ಕೇಳಲಿಲ್ಲ. ಬ್ಯಾಗಿನಿಂದ ಸ್ವೆಟರುಗಳನ್ನು ತೆಗೆದಳು, ಮತ್ತೆ ಇಟ್ಟಳು. ಕೆಳಗೆ ಸೆಕೆ ಇರುತ್ತದೆ ಎಂಬುದನ್ನು ಬೆಟ್ಟದಲ್ಲಿ ಕೂತು ನಂಬುವುದು ಕಷ್ಟ.

ಹೊರಡುವ ವಾರದ ಆರಂಭದಲ್ಲಿ ಭೀಮ ಫೋನು ಮಾಡಿದ. ಗಾಯತ್ರಿ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು.

"ಗುರುವಾರ ನಮ್ಮ ಜೀಪು ಊಟಿಗೆ ಬರುತ್ತೆ. ಅದ್ರಲ್ಲೇ ಬಂದು ಪಾಪುನ ಕರ್ಕೊಂಡು ಹೋಗ್ಲಾ ಅಂತ."

"ಗುರುವಾರ ಪಾರ್ಕಲ್ಲಿ ಇರ್ತೀವಿ ಭಾವ" ಎಂದಳು ಗಾಯತ್ರಿ. ಈ ಮಾತನ್ನು ಅವಳು ಬಹಳ ದಿನದಿಂದ ಸಿದ್ಧ ಮಾಡಿಟ್ಟುಕೊಂಡಿದ್ದಳು. "ಪ್ಯಾಕೇಜ್ ಬುಕ್ ಆಗಿದೆ. ಬಿಟ್ರೆ ಒಂದು ಪೈಸಾನೂ ಬರಲ್ಲ."

"ಅಯ್ಯೋ, ಹೋಗಿ ಬನ್ನಿ ಮತ್ತೆ. ದುಡ್ಡು ಯಾಕೆ ಹಾಳು ಮಾಡ್ತೀರಿ? ನಾನು ಭಾನುವಾರ ಬಸ್ಸಲ್ಲಿ ಬರ್ತೀನಿ."

ಗಾಯತ್ರಿ ಗಂಡನ ಕಡೆ ನೋಡಿದಳು. ಮುಗಿಯಿತು ಎಂಬಂತಿತ್ತು ಆ ನೋಟ. ಆದರೆ ಭೀಮ ಫೋನು ಇಟ್ಟಿರಲಿಲ್ಲ. ಅವನ ಹಿಂದೆ ಎಲ್ಲೋ ಆನೆಯ ಸರಪಳಿ ಎಳೆದ ಸದ್ದು ಕೇಳಿ ನಿಂತಿತು.

"ಲಿಂಗಾ, ಇದೀಯಾ?"

"ಹೇಳಣ್ಣ."

"ನಾನೂ ಬರಬಹುದಾ ಅಲ್ಲಿಗೆ? ಪಾಪು ಅವಳವ್ವೆ ಇದ್ದಾಗಿಂದ ಕೇಳ್ತಿದ್ಲು, ಪಾರ್ಕು ಪಾರ್ಕು ಅಂತ. ಆಮೇಲೆ ಹೋಗೋಣ, ಆಮೇಲೆ ಹೋಗೋಣ ಅಂತಾನೇ ಇದ್ದೆ. ನಾನೇನೂ ಆಟ ಆಡಲ್ಲ. ಬ್ಯಾಗು ನೋಡ್ಕೊಂಡು ಕೂತಿರ್ತೀನಿ. ನನ್ನ ದುಡ್ಡು ನಾನೇ ಕೊಡ್ತೀನಿ."

ಗಾಯತ್ರಿ ಮೇಜಿನ ಮೇಲೆ ಬಿದ್ದಿದ್ದ ಅನ್ನದ ಅಗುಳೊಂದನ್ನು ಉಗುರಿನಿಂದ ತೆಗೆದಳು. ಮಹಾಲಿಂಗಂ ಕಿಟಕಿಯ ಆಚೆ ಒಮ್ಮೆ ನೋಡಿದ. ಚಹಾ ಗಿಡಗಳ ಮೇಲೆ ಮಂಜು ಇಳಿದಿತ್ತು.

"ಪ್ಯಾಕೇಜ್ ಅಣ್ಣ. ಮೂವರಿಗೇ ಇರೋದು. ಮಧ್ಯೆ ಸೇರಿಸೋಕೆ ಆಗಲ್ಲ."

ದನಿ ಏರಿರಲಿಲ್ಲ. ಹೋಟೆಲಿನ ಮೇಜಿನ ಹಿಂದಿನ ದನಿ ಅದು. ಹಾಗೆಂದು ಅವನಿಗೇ ಕೇಳಿಸಿತು.

"ಹಾಗಾ. ಸರಿ ಸರಿ. ಅದೆಲ್ಲ ನಿಂಗೇ ಗೊತ್ತಲ್ಲ" ಎಂದ ಭೀಮ. ಪಾಪುಗೆ ಆ ನೀರಲ್ಲಿ ನೆಗಡಿ ಆಗದ ಹಾಗೆ ನೋಡಿಕೊಳ್ಳಿ ಎಂದೂ ಹೇಳಿದ.

ಬುಧವಾರ ಇಳಿದು ಹೋದರು. ಮೇಟ್ಟುಪಾಳಯಂ ದಾಟುವ ಹೊತ್ತಿಗೆ ನಿವೇತಾ ಸ್ವೆಟರು ಬಿಚ್ಚಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ಲಾಡ್ಜು ರಸ್ತೆಯ ಬದಿಗಿತ್ತು. ಎದುರಿಗೆ ಪಾರ್ಕಿನ ಗೋಡೆ, ಗೋಡೆಯ ಮೇಲಿಂದ ಕಾಣುವ, ನಿಂತುಹೋದ ದೊಡ್ಡ ಚಕ್ರ. ಕೋಣೆಯಲ್ಲಿ ಎರಡು ಮಂಚ, ಒಂದು ಪ್ಲಾಸ್ಟಿಕ್ ಕುರ್ಚಿ. ಗಾಯತ್ರಿ ಬಾಗಿಲಲ್ಲೇ ನಿಂತು ಒಳಗೆಲ್ಲ ನೋಡಿದಳು.

"ಇದು ಪಾರ್ಕಿನ ಹೋಟೆಲ್ ಅಲ್ಲ."

"ಅಲ್ಲ."

"ಬೇರೆ ಬೇರೆ ತಗೊಂಡ್ರಾ?"

"ಹೂಂ."

ಅವಳು ಚೀಲವನ್ನು ಕುರ್ಚಿಯ ಮೇಲಿಟ್ಟಳು. ಫೋನಿನ ಮಾತು ಅವಳಿಗೆ ನೆನಪಾಗುತ್ತಿರುವುದು ಅವನಿಗೆ ಕಂಡಿತು. ಅವಳು ಬೈಯಬಹುದಿತ್ತು, ಅಥವಾ ಭಾವನಿಗೆ ಈಗಲೂ ಫೋನು ಮಾಡಿ ಎನ್ನಬಹುದಿತ್ತು. ಗುರುವಾರ ಬೆಳಿಗ್ಗೆ ಮೊದಲ ಬಸ್ಸು ಹತ್ತಿದರೂ ಭೀಮ ಮಧ್ಯಾಹ್ನಕ್ಕೆ ಬಂದು ಮುಟ್ಟುತ್ತಿದ್ದ.

"ನಾಳೆ ಬೇಗ ಹೋಗೋಣ" ಎಂದಳು. "ಬಿಸಿಲು ಏರೋ ಮೊದಲೇ."

ಮರುದಿನ ಪಾರ್ಕಿನ ಗೇಟಿನಲ್ಲಿ ನೆಲದಿಂದ ಎದ್ದು ನಿಂತ ಬಣ್ಣದ ಅಳತೆಪಟ್ಟಿಯಿತ್ತು. ನಿವೇತಾ ಚಪ್ಪಲಿ ಬಿಚ್ಚಿ, ಯಾರಾದರೂ ಹೇಳುವ ಮೊದಲೇ ಹಿಮ್ಮಡಿ ಊರಿ, ಉಸಿರು ಬಿಗಿಹಿಡಿದು ನಿಂತಳು. ಕಾವಲಿನವನು ಬಗ್ಗಿ ನೋಡಿದ.

"ಗೆರೆ ದಾಟಿದೆ. ಅರ್ಧ ಟಿಕೆಟ್ ನಡೆಯಲ್ಲ ಸಾರ್. ಅಲ್ಲಿ ಕೌಂಟರಲ್ಲಿ ಫುಲ್ ಮಾಡಿಸ್ಕೊಂಡು ಬನ್ನಿ."

ನಿವೇತಾ ಕಿರುಚಿ ಗಾಯತ್ರಿಯ ಸೊಂಟ ತಬ್ಬಿದಳು. ಬಾಗಿಲ ಚೌಕಟ್ಟು ಸುಳ್ಳು ಹೇಳಿತ್ತು ಎಂದಳು. ಕುನ್ನಪ್ಪನೂ.

ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಸಾಲು ಕಟ್ಟಲೆಂದು ಹಾಕಿದ್ದ ಕಬ್ಬಿಣದ ಕೊಳವೆಗಳ ನಡುವೆ ಮಹಾಲಿಂಗಂ ಒಬ್ಬನೇ ಸುತ್ತಿ ಸುತ್ತಿ ಹೋಗಿ ನಿಂತ. ಒಳಗಿನ ಹೆಂಗಸು ಟಿಕೆಟು ಬದಲಿಸಿ ಕೊಟ್ಟು, ಪರದೆ ನೋಡುತ್ತಲೇ ಕೇಳಿದಳು:

"ಒಂದೇನಾ? ಇನ್ನೂ ಯಾರಾದರೂ ಇದ್ದಾರಾ?"

ಗಾಯತ್ರಿ ಅವನ ಹಿಂದೆ, ಮಾತು ಕೇಳಿಸುವಷ್ಟು ಹತ್ತಿರದಲ್ಲಿ ನಿಂತಿದ್ದಳು.

"ಇಲ್ಲ. ಅಷ್ಟೆ" ಎಂದ ಅವನು.

ದಿನವಿಡೀ ಅವರು ಒಳಗಿದ್ದರು. ದೊಡ್ಡ ರೈಡಿನಲ್ಲಿ ನಿವೇತಾ ಗಾಯತ್ರಿಯ ಪಕ್ಕ ಕೂತು ಕೂಗಿದ್ದು ಕೆಳಗೆ ಬ್ಯಾಗುಗಳ ಜೊತೆ ಕೂತಿದ್ದ ಅವನಿಗೆ ಕೇಳಿಸಿತು. ಅವ್ವೆ ಎಂದು ಕೂಗಿದಳೋ, ಸುಮ್ಮನೆ ಕೂಗಿದಳೋ, ಆ ಎತ್ತರದಿಂದ ಸ್ಪಷ್ಟವಾಗಲಿಲ್ಲ. ಇಳಿದು ಬಂದ ಗಾಯತ್ರಿಯ ಮುಖ ಒದ್ದೆಯಾಗಿತ್ತು. ಅಲ್ಲಿ ಎಲ್ಲರ ಮುಖವೂ ಒದ್ದೆಯಾಗಿತ್ತು.

ಭಾನುವಾರ ಭೀಮ ಬಂದ. ಒಗೆದ ಬಿಳಿ ಅಂಗಿ ತೊಟ್ಟು, ಮಗಳಿಗೆ ಹೊಸ ಸ್ಕೂಲ್ ಬ್ಯಾಗು ತಂದಿದ್ದ. ನಿವೇತಾ ಅವನ ಪಕ್ಕ ಕೂತು ಎಲ್ಲವನ್ನೂ ಒಟ್ಟಿಗೆ ಹೇಳಿದಳು.

"ಅಪ್ಪ, ನಾನು ಫುಲ್ ಟಿಕೆಟ್ ಗೊತ್ತಾ? ಗೇಟಲ್ಲಿ ಅಳೆದ್ರು. ಕುನ್ನಪ್ಪ ಅಲ್ಲೇ ಹೋಗಿ ಮಾಡಿಸ್ಕೊಂಡು ಬಂದ್ರು. ಕ್ಯೂನೇ ಇರಲಿಲ್ಲ."

"ಅಷ್ಟು ಉದ್ದ ಆಗಿಬಿಟ್ಯಾ?"

"ನೀನೂ ಬರಬೇಕಿತ್ತು."

ಗಾಯತ್ರಿ ಕಾಫಿ ತಂದಿಟ್ಟು ಒಳಗೆ ಹೋದಳು. ಭೀಮ ಲೋಟ ಎತ್ತಿಕೊಂಡು ತಮ್ಮನ ಕಡೆ ಒಮ್ಮೆ ನೋಡಿ, ಮಗಳಿಗೆ ಸಮಾಧಾನ ಹೇಳುವಂತೆ ಹೇಳಿದ:

"ಪ್ಯಾಕೇಜಲ್ಲಿ ಮೂವರಿಗೇ ಅಂತೆ ಕಣಮ್ಮ. ಕುನ್ನಪ್ಪ ಏನು ಮಾಡ್ತಾರೆ?"

ಬಸ್ಸಿನವರೆಗೆ ಎಲ್ಲರೂ ನಡೆದು ಹೋದರು. ಹಳೆಯ ಬ್ಯಾಗನ್ನು ಮಹಾಲಿಂಗಂ ಹೊತ್ತಿದ್ದ, ಹೊಸದನ್ನು ಭೀಮ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಗಾಯತ್ರಿ ತೋಟದ ಕಡೆ ಇಳಿದಳು. ಎಲೆ ವ್ಯಾನು ಬರುವ ಹೊತ್ತಾಗಿತ್ತು.

ಭೀಮ ಆಮೇಲೆ ಹಬ್ಬಕ್ಕೆ, ರಜೆಗೆ ಮಗಳನ್ನು ಕರೆದುಕೊಂಡು ಬರುತ್ತಲೇ ಇದ್ದ. ಪಾರ್ಕಿನ ಮಾತು ಬಂದಾಗಲೆಲ್ಲ ಪ್ಯಾಕೇಜಿನ ಮಾತನ್ನು ಅವನೇ ಹೇಳಿ ಮುಗಿಸುತ್ತಿದ್ದ. ತಾನು ಕೊಂಡದ್ದು ಪ್ಯಾಕೇಜಲ್ಲ, ಆ ಗೇಟಿನಲ್ಲಿ ನಾಲ್ಕನೆಯ ಟಿಕೆಟು ಸಿಗುತ್ತಿತ್ತು ಎಂಬುದನ್ನು ಮಹಾಲಿಂಗಂ ಅವನಿಗೆ ಯಾವತ್ತೂ ಹೇಳಲಿಲ್ಲ.